ಸಗಟು ದರದ ಟಿಕೆಟ್ಟು

ಜನವರಿ ೧೨

ಮಗಳೇ,

ಇಲ್ಲಿ ಎಲ್ಲ ನೆಟ್ಟಗಿದೆ. ಅಂಗಡಿಯ ಬಾಗಿಲು ಬೆಳಗ್ಗೆ ತೆರೆಯುತ್ತದೆ, ಸಂಜೆ ಮುಚ್ಚುತ್ತದೆ, ನಡುವೆ ಬೀದಿಯವರ ತಲೆಯೆಲ್ಲ ನನ್ನ ಕೈಯಲ್ಲಿರುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಮೇಲೆ ಮಾಡ್ತೀನಪ್ಪ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ, ಓದಲೇಬೇಕು.

ಐದು ವರ್ಷದಿಂದ ನಿನ್ನದು ಒಂದೇ ರಾಗ: ಬರುವ ಆಸೆ ಇದೆ, ವಿಮಾನದ ಟಿಕೆಟ್ಟು ದುಬಾರಿ. ಆ ರಾಗಕ್ಕೆ ಕೊನೆಗೂ ಮದ್ದು ಸಿಕ್ಕಿದೆ. ಎದುರಿನ ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಇದೆಯಲ್ಲ, ಬೋರ್ಡಿಲ್ಲದ್ದು. ಇಷ್ಟು ದಿನ ಬಡ್ಡಿ ವ್ಯವಹಾರದವರಿರಬೇಕು ಎಂದುಕೊಂಡಿದ್ದೆ. ಅಲ್ಲಿನ ಯಜಮಾನರು ಮೊನ್ನೆ ಶೇವಿಂಗಿಗೆ ಬಂದರು. ತಲೆಯಲ್ಲಿ ನನಗೆ ಕೆಲಸವೇ ಇಲ್ಲ, ಪೂರಾ ಬೋಳು, ಗಡ್ಡ ಮಾತ್ರ ಪೊದೆ. ನಾನು ಅವರಿಗೆ ಬೊಕ್ಕಣ್ಣ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ.

ಅವರು ಟಿಕೆಟ್ಟಿನ ಸಗಟು ವ್ಯಾಪಾರಿ. "ನೋಡಿ, ವಿಮಾನ ಹಾರಿದ ಮೇಲೆ ಖಾಲಿ ಸೀಟು ಅಂದ್ರೆ ಕೊಳೆತ ಟೊಮೇಟೊ. ಯಾರಿಗೂ ಬೇಡ. ಅದಕ್ಕೇ ಕಂಪನಿಯವರು ಮೊದಲೇ ರಾಶಿಗಟ್ಟಲೆ ಸೀಟು ನಮಗೆ ಕಡಿಮೆ ಬೆಲೆಗೆ ಮಾರಿಬಿಡ್ತಾರೆ. ನಾವು ಸಣ್ಣ ಏಜೆಂಟರಿಗೆ ಮಾರ್ತೀವಿ" ಎಂದರು. ಬೆಲೆ ಕೇಳಿದೆ. ನೀನು ಹೇಳುವ ದರದಲ್ಲಿ ಅರ್ಧವೂ ಇಲ್ಲ! ಬೀದಿಯ ಜನಕ್ಕೆ ಅವರು ನೇರವಾಗಿ ಮಾರುವುದಿಲ್ಲವಂತೆ. "ನನಗೊಂದು ಕೊಡಲ್ವಾ?" ಎಂದು ಕೇಳಿದಾಗ ನನ್ನ ಕತ್ತಿ ಅವರ ಗಂಟಲ ಮೇಲಿತ್ತು. ಕೊಡ್ತೀನಿ ಎಂದರು. ಇತ್ತೀಚೆಗೆ ನನ್ನ ಬಲಗೈ ಸ್ವಲ್ಪ ನಡುಗುತ್ತದೆ ಎಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ.

ಕೈಯ ವಿಷಯ ಬಿಡು, ವಯಸ್ಸಾಯಿತು. ಕತ್ತಿಯ ಕೆಲಸವನ್ನು ಹೆಚ್ಚಾಗಿ ಎರಡನೇ ಕುರ್ಚಿಯವನೇ ಮಾಡುತ್ತಾನೆ. ಅವನ ಹೆಸರೆತ್ತಬೇಡ ಎಂದಿದ್ದೀಯ, ಎತ್ತಿಲ್ಲ. ಆದರೆ ಒಂದು ಮಾತು ಒಪ್ಪಬೇಕು, ಈ ಅಂಗಡಿ ನಡೆಯುತ್ತಿರುವುದು ಅವನ ಬಾಯಿಂದ. ಅವನ ಮಾತು ಕೇಳಲೆಂದೇ ಕೂದಲು ಬೆಳೆಯುವ ಮೊದಲೇ ಬರುವ ಗಿರಾಕಿಗಳಿದ್ದಾರೆ.

ಯಾವ ತಿಂಗಳು ಬರುತ್ತೀಯ, ಬರೆ. ಇನ್ನು ದುಬಾರಿ ಎನ್ನುವಂತಿಲ್ಲ.

ನಿನ್ನ ಅಪ್ಪ


ಫೆಬ್ರವರಿ ೨

ಅಪ್ಪಾ,

ಮೊದಲು ಕೈಯನ್ನು ಡಾಕ್ಟರಿಗೆ ತೋರಿಸು. ವಯಸ್ಸಾಯಿತು ಎಂದು ನೀನೇ ತೀರ್ಪು ಕೊಟ್ಟುಕೊಳ್ಳಬೇಡ.

ಬೊಕ್ಕಣ್ಣನ ಟಿಕೆಟ್ಟಿನ ಬಗ್ಗೆ: ಇಲ್ಲೂ ಅಂಥವನ್ನು ಮಾರುತ್ತಾರೆ. ಅಗ್ಗ ನಿಜ, ಆದರೆ ತಾರೀಕು ಬದಲಾಯಿಸುವಂತಿಲ್ಲ, ದುಡ್ಡು ವಾಪಸು ಕೇಳುವಂತಿಲ್ಲ, ನೇರ ಹೋಗುವ ದಾರಿಯನ್ನು ಎರಡು ಊರು ಸುತ್ತಿಸುತ್ತಾರೆ. ಕೆಲವರ ಹತ್ತಿರ ದುಡ್ಡು ಈಸಿಕೊಂಡು ಸೀಟೇ ಇಲ್ಲ ಎಂದದ್ದೂ ಇದೆ. ಅವಸರ ಮಾಡಬೇಡ. ಕನ್ನಡಕದ ಗಾಜು ಉಜ್ಜುವ ನಮ್ಮ ವರ್ಕ್‌ಶಾಪಿನಲ್ಲಿ ಈಗ ಕೆಲಸ ಮೈಮೇಲೆ ಬಂದಿದೆ, ರಜೆ ಕೇಳುವ ಹಾಗಿಲ್ಲ.

ಇನ್ನೊಂದು. ಅವನ ಹೆಸರೆತ್ತಬೇಡ ಎಂದರೆ ಅವನಿಗೆ ಬೇರೆ ಹೆಸರಿಟ್ಟು ಬರೆ ಎಂದಲ್ಲ. ವಿಚ್ಛೇದನ ಆಗಿ ಐದು ವರ್ಷವಾಯಿತು. ನಾನು ಬಿಟ್ಟ ಗಂಡನನ್ನು ನೀನು ಬಿಡಲಿಲ್ಲ, ಅಂಗಡಿಯ ಕುರ್ಚಿಯಲ್ಲಿ ಹಾಗೇ ಇಟ್ಟುಕೊಂಡೆ. ಇರಲಿ. ಅದನ್ನು ಕೆದಕುವುದು ನನಗೂ ಬೇಡ.

ಮಗಳು


ಮಾರ್ಚ್ ೫

ಮಗಳೇ,

ಡಾಕ್ಟರಿಗೆ ತೋರಿಸಿದೆ. ನರದ ತೊಂದರೆಯಂತೆ. ಮಾತ್ರೆ ಕೊಟ್ಟಿದ್ದಾರೆ, ಹೆಚ್ಚಾಗದಂತೆ ನೋಡಬಹುದು, ಹೋಗುವುದಿಲ್ಲ ಎಂದರು. "ನಿಮ್ಮ ಉದ್ಯೋಗ ಏನು?" ಎಂದು ಕೇಳಿದರು. ಹೇಳಿದೆ. ಡಾಕ್ಟರು ತಮ್ಮ ಗಲ್ಲ ಮುಟ್ಟಿಕೊಂಡರು.

ಈಗ ಸಂತೋಷದ ಸುದ್ದಿ. ನಿನ್ನ ಟಿಕೆಟ್ಟು ಕೊಂಡುಬಿಟ್ಟೆ! ಮೇ ಹತ್ತಕ್ಕೆ ಹೊರಡುವುದು, ಜೂನ್ ಮೊದಲ ವಾರ ವಾಪಸು. ಕೇಳಿ ಕೊಳ್ಳೋಣ ಎಂದೇ ಇದ್ದೆ. ಬೊಕ್ಕಣ್ಣ, "ಇವತ್ತು ಈ ದರ. ನಾಳೆ ಬಂದು ಕೇಳಿದ್ರೆ ನನಗೇ ಗೊತ್ತಿರಲ್ಲ" ಎಂದರು. ಅಗ್ಗವಾದದ್ದು ಕಣ್ಣೆದುರು ಕೈ ತಪ್ಪುವುದನ್ನು ನೋಡುತ್ತಾ ಕೂರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತಲ್ಲ.

ಕಣ್ಣು ಮುಚ್ಚಿ ಕೊಂಡಿಲ್ಲ. ಆ ಕಾಗದ ಹಿಡಿದುಕೊಂಡು ವಿಮಾನ ಕಂಪನಿಯ ಕಚೇರಿಗೇ ಹೋದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ಕುಟ್ಟಿ ನೋಡಿ, "ಸೀಟು ನಿಜ ಇದೆ ಅಂಕಲ್. ಆದ್ರೆ ಇದಕ್ಕೆ ಏನೇ ಆದ್ರೂ ನಮ್ಮ ಹತ್ರ ಬರಬೇಡಿ, ಮಾರಿದವರನ್ನೇ ಕೇಳಿ" ಎಂದಳು. ಇನ್ನೊಂದು ವಿಚಿತ್ರ ಕೇಳು. ಹೋಗುವುದಕ್ಕೆ ಮಾತ್ರ ತೆಗೆದುಕೊಂಡರೆ ಹೆಚ್ಚು, ಹೋಗಿಬರುವುದಕ್ಕೆ ಕಡಿಮೆ. ಇದು ಯಾವ ಸೀಮೆ ಲೆಕ್ಕವೋ ದೇವರಿಗೇ ಗೊತ್ತು. ಹಾಗಾಗಿ ವಾಪಸಿನದು ಪುಕ್ಕಟೆ ಎಂದುಕೋ. ಬೇಕಾದರೆ ಬಳಸು, ಬೇಡವಾದರೆ ಹರಿದುಹಾಕು. ಮನೆಯಲ್ಲಿ ನಿನ್ನ ಕೋಣೆ ಇದ್ದ ಹಾಗೇ ಇದೆ.

ನೀನು ಬರಲೇಬೇಕು. ಕೈ ಹೀಗಾದ ಮೇಲೆ ಅಂಗಡಿಯನ್ನು ಅವನಿಗೆ ಬಿಟ್ಟುಕೊಡುವುದೇ ಸರಿ ಎಂದು ನನಗನ್ನಿಸಿದೆ. ಆದರೆ ನಿಮ್ಮಮ್ಮ ಹೋದ ಮೇಲೆ ನೀನು ಬೆಳೆದದ್ದು ಆ ಅಂಗಡಿಯ ಬೆಂಚಿನ ಮೇಲೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ಕೊಡುವುದಿಲ್ಲ. ಕಾಗದದಲ್ಲಿ ಹೂಂ ಎಂದರೆ ನಾನು ನಂಬುವುದಿಲ್ಲ, ಮುಖ ನೋಡಬೇಕು.

ಅಪ್ಪ


ಮಾರ್ಚ್ ೨೪

ಅಪ್ಪನಿಗೆ,

ನಾನು ಬರುವುದಿಲ್ಲ. ನನ್ನನ್ನು ಕೇಳದೆ ಟಿಕೆಟ್ಟು ಕೊಂಡವರು ನೀವು. ವಾಪಸು ಮಾಡುವ ದಾರಿಯನ್ನೂ ನೀವೇ ನೋಡಿಕೊಳ್ಳಿ.

ಅಂಗಡಿ ನಿಮ್ಮದು. ಯಾರಿಗೆ ಬೇಕಾದರೂ ಕೊಡಿ. ನನ್ನ ಮುಖ ನೋಡಿ ಆಗಬೇಕಾದದ್ದೇನೂ ಇಲ್ಲ.

ಮಾತ್ರೆ ತಪ್ಪಿಸಬೇಡಿ.

ಮಗಳು


ಜೂನ್ ೩

ಮಗಳೇ,

ಮೇ ಹತ್ತಕ್ಕೆ ವಿಮಾನ ಹೋಯಿತು. ನೀನಿಲ್ಲದೆ ಹೋಯಿತು. ಅವತ್ತು ಏನೋ ಹುಚ್ಚು, ನೀನು ಮನಸ್ಸು ಬದಲಿಸಿರಬಹುದೆಂದು ಮನೆಯ ಬೀಗ ಹಾಕದೆ ಅಂಗಡಿಗೆ ಹೋಗಿದ್ದೆ.

ಬೊಕ್ಕಣ್ಣನ ಹತ್ತಿರ ಗೋಗರೆದು ನೋಡಿದೆ. ಬೇರೆಯವರ ಹೆಸರಿಗೆ ಮಾಡಿಕೊಡಿ ಎಂದೆ, ಆಗಲ್ಲ ಎಂದರು. ಬಿಡಿಗಾಸೂ ಹಿಂದಿರುಗಲಿಲ್ಲ. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ವಾಪಸ್ ಬರೋ ಹಾಗಿದ್ರೆ ಅಷ್ಟು ಅಗ್ಗಕ್ಕೆ ಕೊಡೋಕಾಗ್ತಿತ್ತಾ?" ಎಂದರು. ಅವರ ಮಾತೂ ನ್ಯಾಯವೇ. ಹೆಸರು ಬದಲಿಸಿಕೊಟ್ಟರೆ ಎರಡು ತಿಂಗಳು ಗಡ್ಡ ಪುಕ್ಕಟೆ ಎಂದಿದ್ದೆ, ಆ ಪ್ರಮೇಯ ಮಾತ್ರ ಬರಲಿಲ್ಲ, ಅದೊಂದು ಸಮಾಧಾನ.

ದುಡ್ಡು ಹಾಳಾಗಿ ಹೋಗಲಿ. ನೀನು ನನಗೆ "ನೀವು" ಎಂದು ಬರೆದೆ. ಕತ್ತೆ, ಮೂರ್ಖ ಎಂದು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ನೀನು ನನಗೆ ನೀವು ಎಂದವಳಲ್ಲ.

ಆಮೇಲೆ ಯೋಚಿಸಿದೆ. ದುಬಾರಿ ಎಂದು ಬರಲಿಲ್ಲ, ಸರಿ. ಅರ್ಧ ಬೆಲೆಗೆ ತಂದು ಕೈಗಿಟ್ಟರೂ ಬರಲಿಲ್ಲ. ಅಂದಮೇಲೆ ತೊಂದರೆ ಟಿಕೆಟ್ಟಿನದಲ್ಲ. ಬೇರೆಯವರಿಗೆ ಇದು ಮೊದಲ ದಿನವೇ ಹೊಳೆಯುತ್ತಿತ್ತು. ನನ್ನ ತಲೆ ಊರವರ ತಲೆ ನೋಡುವುದರಲ್ಲೇ ಸವೆದಿದೆ.

ಹಾಗಾಗಿ ಕೇಳುತ್ತಿದ್ದೇನೆ. ಅವನನ್ನು ನೀನು ಏಕೆ ಬಿಟ್ಟೆ? ಕೇಳಿದರೆ ನಿನಗೆ ನೋವಾಗುತ್ತದೆ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಅವನು ಕುಡಿಯುವವನಲ್ಲ, ಕೈ ಎತ್ತುವವನಲ್ಲ, ನಾಳೆ ಬಂದು ನೋಡಿದರೂ ನಗುತ್ತಲೇ ಇರುತ್ತಾನೆ. ನನಗೆ ತಿಳಿಯಲಿಲ್ಲ. ಈಗ ಹೇಳು.

ನಿನ್ನ ದಡ್ಡ ಅಪ್ಪ


ಜುಲೈ ೧

ಅಪ್ಪಾ,

ನೀನು ಕೇಳುತ್ತೀಯ ಎಂದು ನಾನು ಕಾಯುವುದನ್ನೇ ಬಿಟ್ಟಿದ್ದೆ. ಮಾರ್ಚಿನ ಕಾಗದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಂಚೆಗೆ ಹಾಕಿ ಬಂದು ಅತ್ತಿದ್ದೇನೆ.

ಹೇಳುತ್ತೇನೆ. ಅವನು ಮಾತು ಬಿಡುತ್ತಿದ್ದ. ಅಷ್ಟೇ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ, ಅದಕ್ಕೇ ಯಾರಿಗೂ ಹೇಳಲಿಲ್ಲ. ಮೊದಲ ಸಲ ನಾನು ಅವನ ಅಂಗಿಯನ್ನು ಇಸ್ತ್ರಿಯಲ್ಲಿ ಸುಟ್ಟಿದ್ದೆ. ಅವನು ಬೈಯಲಿಲ್ಲ. ಮಾತು ನಿಲ್ಲಿಸಿದ. ಒಂದು ದಿನ, ಎರಡು ದಿನ ಅಲ್ಲ, ವಾರಗಟ್ಟಲೆ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ನಾನು ಎದುರಿಗಿದ್ದರೆ ಗೋಡೆಯನ್ನು ನೋಡಿದ ಹಾಗೆ ನೋಡುತ್ತಿದ್ದ. ಆಮೇಲೆ ಯಾವತ್ತೋ ತಾನಾಗಿ ಶುರು ಮಾಡುತ್ತಿದ್ದ, ಏನೂ ಆಗಿಲ್ಲವೆಂಬಂತೆ. ಮುಂದಿನ ಸಲ ಯಾವುದಕ್ಕೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಬಾಗಿಲನ್ನು ಜೋರಾಗಿ ಹಾಕಿದ್ದಕ್ಕೆ. ಅವನ ಅಕ್ಕನಿಗೆ ಫೋನ್ ಮಾಡಲು ಮರೆತದ್ದಕ್ಕೆ. ಒಮ್ಮೆ ಏಕೆಂದೇ ಗೊತ್ತಾಗಲಿಲ್ಲ. "ಬೈ, ಏನಾದ್ರೂ ಹೇಳು" ಎಂದು ಅವನ ಕಾಲು ಹಿಡಿದಿದ್ದೇನೆ ಅಪ್ಪಾ. ಕಾಲು ಎಳೆದುಕೊಂಡು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ.

ಅವತ್ತೇ ಮಧ್ಯಾಹ್ನ ನಾನು ಊಟದ ಡಬ್ಬಿ ತಂದೆ. ಬೀದಿಯ ತಿರುವಿನಲ್ಲೇ ಅವನ ದನಿ ಕೇಳಿಸಿತು. ಯಾರಿಗೋ ಏನೋ ಹೇಳಿ ನಗಿಸುತ್ತಿದ್ದ. ನೀನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ಒಳಗೆ ಬಂದಾಗ, "ಡಬ್ಬಿ ಅಲ್ಲಿಡಮ್ಮ, ಇವನ ಕಥೆ ಕೇಳು" ಎಂದೆ. ನಾನು ಡಬ್ಬಿ ಇಟ್ಟು ಹೊರಟೆ. ಈಗ ಕಾಗದದಲ್ಲೂ ಅವನ ಬಾಯಿಯನ್ನು ಹೊಗಳುತ್ತೀಯ. ಆ ಸಾಲು ಬಂದ ಕೂಡಲೇ ಕಾಗದವನ್ನು ಮಡಚಿಟ್ಟುಬಿಡುತ್ತೇನೆ.

ಅವನನ್ನು ಓಡಿಸು ಎನ್ನುತ್ತಿಲ್ಲ. ನಿನ್ನ ಕೈ ಹೀಗಿರುವಾಗ ಅವನ ಕೈ ಬೇಕು, ಅಷ್ಟು ನನಗೂ ಅರ್ಥವಾಗುತ್ತದೆ. ಆ ಬೀದಿಗೆ ಬರಲು ನನ್ನಿಂದ ಆಗುವುದಿಲ್ಲ, ಅಷ್ಟೇ. ಆದರೆ ನಿನ್ನನ್ನು ನೋಡಬೇಕು. ತುಂಬಾ ನೋಡಬೇಕು.

ಒಂದು ಉಪಾಯ ಇದೆ. ನಮ್ಮ ವರ್ಕ್‌ಶಾಪಿನ ಹಿಂದಿನ ಗಲ್ಲಿಯಲ್ಲೂ ಒಬ್ಬಳು ಸಗಟು ಟಿಕೆಟ್ಟಿನ ಹೆಂಗಸಿದ್ದಾಳೆ. ಹೋಗಿ ವಿಚಾರಿಸಿದೆ, ನಿನ್ನ ಮಗಳಲ್ಲವೇ, ಚೌಕಾಸಿ ರಕ್ತದಲ್ಲೇ ಇದೆ. ನಿನ್ನ ಬೊಕ್ಕಣ್ಣನ ವಿಮಾನಗಳೂ ಇವಳ ವಿಮಾನಗಳೂ ನಡುವೆ ಒಂದೇ ಊರಿನಲ್ಲಿ ನಿಲ್ಲುತ್ತವೆ. ಅದು ಜನ ಬರೀ ಹತ್ತಿ ಇಳಿಯುವ ಊರು, ಅಲ್ಲಿಗೇ ಎಂದು ಯಾರೂ ಹೋಗುವುದಿಲ್ಲ. ಹಾಗಾಗಿ ಅಲ್ಲಿಯವರೆಗಿನ ಸೀಟು ಇನ್ನೂ ಅಗ್ಗ. ನೀನು ಅರ್ಧ ದಾರಿ ಬಾ, ನಾನು ಅರ್ಧ ದಾರಿ ಬರುತ್ತೇನೆ. ಒಂದು ದಿನ ಸಿಗುತ್ತದೆ.

ನಿನ್ನ ಮಗಳು


ಜುಲೈ ೨೨

ಮಗಳೇ,

ನಿನ್ನ ಕಾಗದ ಓದಿ ಅಂಗಡಿಗೆ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಅವನನ್ನು ಕೇಳಿದೆ: "ಮನೇಲಿ ಅವಳ ಹತ್ರ ಮಾತು ಬಿಡ್ತಿದ್ದೆಯಂತೆ, ಹೌದೇನೋ?" ಕತ್ತರಿ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ. ಉತ್ತರ ಕೊಡಲಿಲ್ಲ.

ಅವತ್ತಿನಿಂದ ನನ್ನ ಜೊತೆಗೂ ಮಾತಿಲ್ಲ. ಗಿರಾಕಿ ಬಂದರೆ ಅದೇ ನಗು, ಅದೇ ತಮಾಷೆ. ನಾನು ಟವೆಲ್ ಕೊಡು ಎಂದರೆ ಕೈ ಟವೆಲ್ ಕೊಡುತ್ತದೆ, ಮುಖ ಬೇರೆ ಕಡೆ ಇರುತ್ತದೆ. ಮೊದಲ ದಿನ ಸಿಟ್ಟು ಬಂತು. ಎರಡನೇ ದಿನ ನಾನೇ ಏನಾದರೂ ತಪ್ಪಾಡಿದೆನೇ ಎಂದು ಯೋಚಿಸತೊಡಗಿದೆ. ಆಮೇಲೆ ಒಂದು ಬೆಳಗ್ಗೆ ಅವನಿಗೆಂದು ಕಾಫಿ ತರಿಸಿದೆ, ಮಾತಾಡಲಿ ಎಂದು! ಈ ವಯಸ್ಸಿನಲ್ಲಿ, ನನ್ನದೇ ಅಂಗಡಿಯಲ್ಲಿ, ನಾನು ಅವನನ್ನು ಓಲೈಸಲು ಹೊರಟಿದ್ದೆ. ಕಾಫಿ ಲೋಟ ಹಿಡಿದುಕೊಂಡು ನಿಂತಾಗ ನೀನು ನೆನಪಾದೆ. ನನಗೆ ಸಂಜೆ ಎದ್ದು ಹೋಗಲು ಮನೆಯಾದರೂ ಇದೆ. ನೀನು ಇದನ್ನು ಮನೆಯೊಳಗೇ ಅನುಭವಿಸಿದೆ, ನಾನು ಪಕ್ಕದ ಕುರ್ಚಿಯ ಬಳಿ ನಗುತ್ತಾ ನಿಂತಿದ್ದೆ.

ಅಂಗಡಿ ಅವನಿಗೆ ಎಂಬ ಮಾತು ಮುಗಿಯಿತು. ವರ್ಷದ ಕೊನೆಯವರೆಗೆ ಇರು, ಅಷ್ಟರಲ್ಲಿ ಬೇರೆ ಜಾಗ ನೋಡಿಕೋ ಎಂದು ಹೇಳಿದ್ದೇನೆ. ಅದಕ್ಕೂ ಉತ್ತರ ಇಲ್ಲ. ಆಮೇಲೆ ಅಂಗಡಿ ಏನಾಗುತ್ತದೋ ಆಗಲಿ. ಬಾಡಿಗೆಗೆ ಕೊಟ್ಟರಾಯಿತು.

ನಿನ್ನ ಉಪಾಯ ಬೊಕ್ಕಣ್ಣನಿಗೆ ಹೇಳಿದೆ. "ಆ ಊರಿಗೆ? ಅಲ್ಲೇನಿದೆ?" ಎಂದರು. ನನ್ನ ಮಗಳಿರ್ತಾಳೆ ಎಂದೆ. ಸೆಪ್ಟೆಂಬರ್ ಹದಿನಾಲ್ಕರ ಸೀಟು ಹಿಡಿದಿಟ್ಟಿದ್ದಾರೆ. ಕೊಂಡಿಲ್ಲ. ನಿನಗೆ ಆ ದಿನ ಆಗುತ್ತದೆಯೇ ಎಂದು ಬರೆ, ಆಮೇಲೆ ಕೊಳ್ಳುತ್ತೇನೆ. ಕೊನೆಯ ಸಾಲು, ಕಕ್ಕಸಿನ ಪಕ್ಕ. ಸಗಟು ಮಾಲಿಗೆ ಅದೇ ಜಾಗವಂತೆ.

ಅಪ್ಪ


ಸೆಪ್ಟೆಂಬರ್ ೧೮

ಮಗಳೇ,

ನಮ್ಮ ಅರ್ಧ ದಾರಿಯ ಊರಿನಿಂದ ಸುಖವಾಗಿ ಮನೆ ತಲುಪಿದೆ. ಮಂಡಿ ಎರಡೂ ಇನ್ನೂ ಮಡಚಿಕೊಂಡೇ ಇವೆ. ನನ್ನ ಮುಂದೆ ಕೂತವನ ಕೂದಲನ್ನು ಯಾವನೋ ಹಿಂದುಗಡೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದ, ದಾರಿಯುದ್ದಕ್ಕೂ ಅದನ್ನೇ ನೋಡಬೇಕಾಯಿತು. ಹೋಗುವಾಗ ತಪಾಸಣೆಯಲ್ಲಿ ಕಿತ್ತುಕೊಂಡ ಜೇಬಿನ ಕತ್ತರಿ ಬರುವಾಗ ಸಿಗುತ್ತದೆ ಎಂದುಕೊಂಡಿದ್ದೆ. ಕೇಳಿದ್ದಕ್ಕೆ ನಕ್ಕರು.

ನಿನ್ನ ಜೊತೆ ಕಳೆಯಲು ಒಂದು ದಿನ ಸಿಕ್ಕಿತು, ಅದರಲ್ಲಿ ಮಧ್ಯಾಹ್ನವೆಲ್ಲ ನಾನು ವಿಮಾನ ನಿಲ್ದಾಣದ ಆ ಕಬ್ಬಿಣದ ಕುರ್ಚಿಯ ಮೇಲೆ ನಿನ್ನ ಭುಜಕ್ಕೆ ಒರಗಿ ನಿದ್ದೆ ಹೊಡೆದುಬಿಟ್ಟೆ. ಎಬ್ಬಿಸಬಾರದಿತ್ತೇನೇ? ಅಷ್ಟು ದೂರ ನಿದ್ದೆ ಮಾಡಲು ಹೋದ ಹಾಗಾಯಿತು. ನೆತ್ತಿಯ ಹತ್ತಿರ ನಿನಗೆ ನರೆ ಬಂದಿದೆ. ನೋಡಿದ ಕೂಡಲೇ ಕಂಡಿತು. ಸಣ್ಣವಳಿದ್ದಾಗ ಆ ಕೂದಲನ್ನು ಕತ್ತರಿಸಿದವನು ನಾನು. ಅದು ಬೆಳ್ಳಗಾಗುವಾಗ ನಾನು ಹತ್ತಿರ ಇರಲಿಲ್ಲ ಎಂದು ಸಂಕಟವಾಯಿತು.

ಅವನ ಬಗ್ಗೆ ನಾವು ಹೆಚ್ಚು ಮಾತಾಡಲಿಲ್ಲ, ಒಳ್ಳೆಯದೇ ಆಯಿತು. ಆದರೂ ಹೊರಡುವಾಗ ಒಂದು ಹೇಳಬೇಕೆಂದಿದ್ದೆ, ನನ್ನ ಹೆಸರು ಕೂಗಿಬಿಟ್ಟರು. ಮನೆಗೆ ಬಾ. ಬೊಕ್ಕಣ್ಣನ ಹತ್ತಿರ ಫೆಬ್ರವರಿಯ ಸೀಟುಗಳು ಬಂದಿವೆ, ಅಷ್ಟು ಹೊತ್ತಿಗೆ ಅವನು ಅಂಗಡಿ ಬಿಟ್ಟಿರುತ್ತಾನೆ. ನೀನು ಹೂಂ ಎಂದರೆ ಮಾತ್ರ ಕೊಳ್ಳುತ್ತೇನೆ.

ಅಪ್ಪ


ಅಕ್ಟೋಬರ್ ೩೦

ಅಪ್ಪಾ,

ಎಬ್ಬಿಸಲಿಲ್ಲ, ಏಕೆಂದರೆ ನಿದ್ದೆಯಲ್ಲಿ ನಿನ್ನ ಕೈ ನಡುಗುತ್ತಿರಲಿಲ್ಲ. ಹಿಡಿದುಕೊಂಡು ಕೂತಿದ್ದೆ.

ಬೊಕ್ಕಣ್ಣನಿಗೆ ಬೇಡ ಎಂದುಬಿಡು. ನಾನೇ ಟಿಕೆಟ್ಟು ಕೊಂಡೆ. ನಮ್ಮ ಗಲ್ಲಿಯ ಹೆಂಗಸಿನ ಹತ್ತಿರವೂ ಅಲ್ಲ, ವಿಮಾನ ಕಂಪನಿಯ ಕಚೇರಿಗೆ ಹೋಗಿ, ಚೌಕಾಸಿ ಮಾಡದೆ, ಕೇಳಿದ ಪೂರ್ತಿ ಬೆಲೆ ಕೊಟ್ಟು. ಮೊದಲು ಒಂದು ಲೋಟ ನೀರು ಕುಡಿದು ಆಮೇಲೆ ಬೈ.

ಏಕೆಂದು ಹೇಳುತ್ತೇನೆ. ಅಗ್ಗದ ಟಿಕೆಟ್ಟಿನಲ್ಲಿ ಬಂದರೆ ಬರೆದ ತಾರೀಕಿನವರೆಗೆ ಇರಲೇಬೇಕು. ಮೇ ತಿಂಗಳಿನದು ಬಂದಾಗ ನನಗೆ ಮೊದಲು ಕಂಡದ್ದು ಬೆಲೆಯಲ್ಲ, ಆ ತಾರೀಕು. ಆ ಬೀದಿಯಲ್ಲಿ ಎರಡನೇ ದಿನವೇ ಉಸಿರು ಕಟ್ಟಿದರೆ ಏನು ಮಾಡಲಿ ಎಂದು ಹೆದರಿದೆ. ಈ ಟಿಕೆಟ್ಟಿನಲ್ಲಿ ಯಾವ ದಿನ ಬೇಕಾದರೂ ಹೊರಡಬಹುದು. ಹೊರಡಬಹುದು ಎಂದು ಗೊತ್ತಿದ್ದರೆ ನನಗೆ ಬರಲು ಧೈರ್ಯ ಬರುತ್ತದೆ.

ಫೆಬ್ರವರಿಯಲ್ಲಿ ಅಲ್ಲ, ಡಿಸೆಂಬರ್ ಐದಕ್ಕೆ ಬರುತ್ತೇನೆ. ಅವನು ಅಂಗಡಿಯಲ್ಲಿ ಇರುವಾಗಲೇ. ಅವನು ಹೋಗಲಿ ಎಂದು ಕಾದುಕೊಂಡಿದ್ದು ಬಂದೆ ಎಂದು ಆ ಬೀದಿಯಲ್ಲಿ ಯಾರೂ ಅನ್ನಬಾರದು. ನಾನೂ ಅಂದುಕೊಳ್ಳಬಾರದು.

ನಿನ್ನ ಮಗಳು


ನವೆಂಬರ್ ೧೮

ಮಗಳೇ,

ಬೈಯುವುದಿಲ್ಲ. ಬೊಕ್ಕಣ್ಣನಿಗೆ ನೀನು ಕೊಟ್ಟ ಬೆಲೆ ಹೇಳಿದೆ. ನೊರೆ ಮೆತ್ತಿದ ಮುಖದಲ್ಲೇ ಕುರ್ಚಿಯಿಂದ ಎದ್ದು ನಿಂತರು. "ಅಯ್ಯೋ, ಅಷ್ಟಕ್ಕೆ ಮನೆಮಂದಿಯೆಲ್ಲ ಬಂದು ಹೋಗಬಹುದಿತ್ತಲ್ರೀ!" ಎಂದರು. ನನ್ನ ಮನೆಮಂದಿ ಎಂದರೆ ಅವಳೊಬ್ಬಳೇ ಎಂದೆ. ಅವರು ಕೂತರು. ನಾನು ಗಡ್ಡ ಮುಗಿಸಿದೆ. ನನ್ನ ಜೀವಮಾನದಲ್ಲಿ ಮೊದಲ ಸಲ ಯಾರೋ ಪೂರ್ತಿ ಬೆಲೆ ಕೊಟ್ಟರು ಎಂದು ಕೇಳಿ ಹೊಟ್ಟೆ ಉರಿಯಲಿಲ್ಲ.

ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಅಂಗಡಿಗೆ ಬರಬೇಕೆನಿಸಿದರೆ ಬಾ, ನನ್ನ ಕುರ್ಚಿಯಲ್ಲಿ ಕೂರು. ಬೇಡವೆನಿಸಿದರೆ ನಾನೇ ಬಾಗಿಲು ಹಾಕಿ ಮನೆಗೆ ಬರುತ್ತೇನೆ. ಎರಡನೇ ದಿನವೇ ಹೊರಡಬೇಕು ಅನ್ನಿಸಿದರೆ ಹೊರಡು. ಚೀಲ ನಾನು ಎತ್ತಿಕೊಳ್ಳುತ್ತೇನೆ, ತಡೆಯುವುದಿಲ್ಲ.

ಆದರೆ ಏಕೆ ಹೊರಟೆ ಎಂದು ಬಾಗಿಲಲ್ಲೇ ಕೇಳುತ್ತೇನೆ. ನೀನು ಹೇಳಿ ಮುಗಿಸುವವರೆಗೆ ಕೂತು ಕೇಳುತ್ತೇನೆ, ಅಷ್ಟರಲ್ಲಿ ವಿಮಾನ ಹೋದರೂ ಹೋಗಲಿ. ನಿನ್ನ ಟಿಕೆಟ್ಟು ಮಾರನೆಯ ದಿನವೂ ನಡೆಯುತ್ತದಲ್ಲ.

ಅಪ್ಪ